ಒಂದೂವರೆ ಅಡಿ ಗಾಜಿನ ಧಣಿ

ಬೆಳಿಗ್ಗೆ ಕಂಪ್ಯೂಟರಿನ ಪರದೆ ಬಣ್ಣ ಬದಲಿಸುವವರೆಗೆ ಕಚೇರಿಯಲ್ಲಿ ನಾವೆಲ್ಲ ಬಣ್ಣದ ಮಾವ ಎನ್ನುತ್ತಿದ್ದ ಹಿರಿಯ ಗುಮಾಸ್ತರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನಮಸ್ಕಾರ ಅಂದರೆ ತಲೆಯಾಡಿಸುವುದಿಲ್ಲ, ಕೆಮ್ಮಿದರೆ ತಿರುಗುವುದಿಲ್ಲ. ಸಾಕ್ಷಾತ್ ಮೇಲಧಿಕಾರಿಯೇ ಬಂದು ಪಕ್ಕದಲ್ಲಿ ನಿಂತರೂ, ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲಲ್ಲಿ ವೈದ್ಯರು ರೋಗಿಯ ಬಂಧುಗಳನ್ನು ತಡೆಯುವ ಹಾಗೆ ಒಂದು ಬೆರಳೆತ್ತಿ ತಡೆದುಬಿಡುತ್ತಿದ್ದರು. ಒಂದು ಹೆಗಲು ಮುಂದೆ, ಇನ್ನೊಂದು ಹಿಂದೆ, ಇಡೀ ಜಗತ್ತೇ ಇಕ್ಕಟ್ಟಾದ ಬಾಗಿಲೇನೋ ಎಂಬಂತೆ ಓರೆಯಾಗಿ ನಡೆದು ಬರುವುದು. ಮೊಣಕೈ ಸವೆದ ಕಂದು ಕೋಟಿನ ಒಳಜೇಬಿನಿಂದ ಶೂ ದಾರಕ್ಕೆ ಕಟ್ಟಿದ ಪೆನ್‌ಡ್ರೈವನ್ನು, ಬಾವಿಯಿಂದ ಕೊಡ ಸೇದುವಷ್ಟು ನಿಧಾನವಾಗಿ ಮೇಲೆತ್ತುವುದು. ಪರದೆಯ ಮೇಲೆ ನಿನ್ನೆಯ ಬೆಟ್ಟದ ಚಿತ್ರ ಹೋಗಿ ಇವತ್ತಿನ ಕಡಲು ಬಂದ ಮೇಲೆ ಕುರ್ಚಿಯನ್ನು ಅರ್ಧ ತಿರುಗಿಸಿ, "ಹ್ಞಾಂ, ಈಗ ಹೇಳಿ" ಎನ್ನುವುದು. ಅಷ್ಟರಲ್ಲಿ ಹೇಳಬೇಕಾದವರು ಹೇಳಬೇಕಾದದ್ದನ್ನು ಮರೆತಿರುತ್ತಿದ್ದರು.

ನಮ್ಮದು ಜನನ, ವಿವಾಹ, ಮರಣಗಳ ನೋಂದಣಿ ಕಚೇರಿ. ಮೊದಲಿನದೂ ಕೊನೆಯದೂ ಮಾವನ ಕೌಂಟರಿನಲ್ಲಿ. ನಡುವೆ ಮನುಷ್ಯ ಕೈಯಾರೆ ಮಾಡಿಕೊಳ್ಳುವ ಎಡವಟ್ಟು ನನ್ನ ಕೌಂಟರಿನಲ್ಲಿ. ಪ್ರತಿ ಕೌಂಟರಿಗೂ ಎರಡೆರಡು ಪರದೆ. ಒಂದು ನಮ್ಮ ಮುಖಕ್ಕೆ, ಇನ್ನೊಂದು ಗಾಜಿನಾಚೆ ಕುಳಿತವರ ಮುಖಕ್ಕೆ. ಹೆಸರಿನ ಅಕ್ಷರ ತಪ್ಪಿದ್ದರೆ ಅಚ್ಚಾಗುವ ಮೊದಲೇ ಅವರು ನೋಡಿ ಹೇಳಲಿ ಎಂದು ಮಾಡಿದ ಏರ್ಪಾಡು. ನಮ್ಮ ಪರದೆಯಲ್ಲಿ ಏನಿದೆಯೋ ಅವರ ಪರದೆಯಲ್ಲೂ ಅದೇ. ನಾನು ಹದಿನಾಲ್ಕು ವರ್ಷ ಅಲ್ಲಿ ಕೂತವನು. ಆಚೆಯವರಿಗೆ ಅಕ್ಷರ ಬಿಟ್ಟು ಬೇರೇನಾದರೂ ಕಾಣುತ್ತದೆ ಎಂಬುದು ಮೊದಲ ಕೆಲವು ವರ್ಷ ನನಗೆ ಹೊಳೆದೇ ಇರಲಿಲ್ಲ.

ಮಾವನಿಗೆ ಹೊಳೆದಿತ್ತು. ಬಣ್ಣಗಳ ಬಗ್ಗೆ ತಿಳಿದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ವಿನಯವೊಂದು ಅವರಲ್ಲಿರಲಿಲ್ಲ, ಅಷ್ಟೆ. "ವಾಲ್‌ಪೇಪರ್ ಬದಲಾಯಿಸೋದು ಯಾವ ಕತ್ತೆಗಾದ್ರೂ ಬರತ್ತೆ ಕಣ್ರೀ. ಥೀಮ್ ಪ್ಯಾಕ್ ಅಂದ್ರೆ ಸಂಸಾರ. ಹಿಂದಿನ ಚಿತ್ರ, ಕಿಟಕಿ ಅಂಚಿನ ಬಣ್ಣ, ಮೌಸಿನ ಬಾಣದ ಗಾತ್ರ, ಸದ್ದು, ನಾಲ್ಕೂ ಹೊಂದ್ಕೊಂಡು ಬಾಳ್ಬೇಕು" ಎಂದು ಅವರು ಆರಂಭಿಸಿದರೆ, ಚಹಾದ ವಿರಾಮ ಮುಗಿದು, ಮೇಲಧಿಕಾರಿ ಎರಡು ಸಲ ಇಣುಕಿ ಹೋದರೂ ಅಂಚಿನ ಬಣ್ಣವೇ ಮುಗಿದಿರುತ್ತಿರಲಿಲ್ಲ. ಆ ಮೇಲಧಿಕಾರಿಯ ಪರದೆಯನ್ನು ನೋಡಿ ಒಮ್ಮೆ, "ಸಾರ್, ನೂರಾ ನಲವತ್ತು ಐಕಾನು! ಇದು ಡೆಸ್ಕ್‌ಟಾಪಲ್ಲ, ಗುಜರಿ" ಎಂದವರು ಅವರು. ಮೇಲಧಿಕಾರಿ ಅದನ್ನು ಮರೆಯಲಿಲ್ಲ. ಮಾವನ ಹೆಂಡತಿ ಕಚೇರಿಗೆ ಬಂದಾಗ ನಮ್ಮೆದುರಿಗೇ ಹೇಳಿದ್ದು ಇನ್ನೊಂದು ಬಗೆ: "ಮನೆ ಗೋಡೆಗೆ ಸುಣ್ಣ ಕಂಡು ಹನ್ನೆರಡು ವರ್ಷ ಆಯ್ತು. ಇಲ್ಲಿ ನೋಡಿದ್ರೆ ಸರ್ಕಾರದ ಗಾಜಿಗೆ ದಿನಾ ಹೊಸ ಬಣ್ಣ!" ಮಾವ ತಲೆದೂಗಿ, "ಇರಲಿ, ಇರಲಿ" ಎಂದರು. ಅವರ "ಇರಲಿ"ಯಲ್ಲಿ ಒಪ್ಪಿಗೆ ಇದೆ ಎಂದು ನಂಬಿ ಕೆಟ್ಟವರು ಬಹಳ ಮಂದಿ; ಮದುವೆಯಾದ ಮೇಲೆ ಆಕೆ ಮಾತ್ರ ನಂಬಿರಲಿಲ್ಲ.

ದಿನಕ್ಕೊಂದು ಬೆಟ್ಟ, ಕಡಲು ಎಂಬುದು ನಮ್ಮನ್ನು ರಂಜಿಸಲು. ಅಸಲು ಕೆಲಸ ಬೇರೆ ಎರಡು ಪ್ಯಾಕುಗಳದ್ದು. ಅವನ್ನು ಅವರೇ ಮನೆಯಲ್ಲಿ ಕೂತು ಕಟ್ಟಿದ್ದರು. ಒಂದಕ್ಕೆ 'ತೊಟ್ಟಿಲು' ಎಂದು ಹೆಸರು: ಎಳೆ ಹಳದಿ ಹಿನ್ನೆಲೆ, ಸಾಲಾಗಿ ಹೊರಟ ಐದು ಬಾತುಮರಿ, ಪ್ರಮಾಣಪತ್ರ ಸಿದ್ಧವಾದಾಗ ಟಿಣ್ ಎಂದು ಒಂದು ಪುಟ್ಟ ಗಂಟೆ. ಇನ್ನೊಂದು 'ಕೊಳ': ಅಲೆಯಿಲ್ಲದ ನೀರು, ಬೂದಿನೀಲಿಯ ಅಂಚು, ಸದ್ದಿಲ್ಲ. ಸಾವಿನ ಕಾಗದ ಹಿಡಿದು ಯಾರಾದರೂ ಎದುರಿಗೆ ಕೂತರೆ ಮಾವ ತಡಬಡಿಸಿ, "ಒಂದ್ನಿಮಿಷ, ನನ್ನ ಕನ್ನಡಕ ಎಲ್ಲಿಟ್ಟೆ..." ಎಂದು ಮೇಜಿನ ಮೇಲೆಲ್ಲ ತಡವುತ್ತಿದ್ದರು. ಕನ್ನಡಕ ಮೂಗಿನ ಮೇಲೆಯೇ ಇರುತ್ತಿತ್ತು. ಆ ಒಂದು ನಿಮಿಷದಲ್ಲಿ ಬಾತುಮರಿಗಳು ಹೋಗಿ ಕೊಳ ಬಂದಿರುತ್ತಿತ್ತು. ಮುದುಕರಾದರು, ಮರೆವು ಎಂದು ನಾವು ಕಣ್ಣು ಮಿಟುಕಿಸಿಕೊಂಡು ನಗುತ್ತಿದ್ದೆವು. ಇಷ್ಟನ್ನು ಅರ್ಥಮಾಡಿಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು. ಅಷ್ಟರ ಮಟ್ಟಿಗೆ ನಾನು ಚುರುಕು.

ಹೀಗಿರುವಾಗ ಒಂದು ಸೋಮವಾರ, ಆ ಕೆಲಸದಲ್ಲಿ ಪಳಗಿದವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪೊಂದನ್ನು ಮಾವ ಮಾಡಿದರು. ಅವಳಿ ಮಕ್ಕಳ ತಂದೆ ತಾಯಿ ಹೆಸರಿಗಾಗಿ ಜಗಳವಾಡಿ ಎದ್ದು ಹೋದ ಬೆನ್ನಿಗೇ ಒಬ್ಬ ತರುಣ ಬಂದು ಕೂತ. ಅವನು ಒಳಗೆ ತಳ್ಳಿದ ಕಾಗದಗಳಲ್ಲಿ ಮೇಲಿನದು ಹೆರಿಗೆ ಆಸ್ಪತ್ರೆಯ ಗುಲಾಬಿ ಚೀಟಿ. ಗುಲಾಬಿ ಕಂಡರೆ ಬಾತುಮರಿ. ಇಪ್ಪತ್ತು ವರ್ಷದ ಕೈ ತಾನಾಗಿಯೇ ನಡೆಯಿತು. ಹೆಸರು ಅಚ್ಚಾಯಿತು, ಗಂಟೆ ಟಿಣ್ ಎಂದಿತು, ಮಾವ ಮುಖವರಳಿಸಿ, "ಯಾರ ಹಾಗಿದಾಳಪ್ಪ, ಅಪ್ಪನ ಹಾಗೋ ಅಮ್ಮನ ಹಾಗೋ?" ಎಂದು ಕೇಳಿಯೂಬಿಟ್ಟರು. ತರುಣ ಕೆಳಗಿದ್ದ ಎರಡನೆಯ ಹಾಳೆಯನ್ನು ಬೆರಳಿನಿಂದ ಮುಂದೆ ಸರಿಸಿದ. ಮಗು ಎರಡು ದಿನ ಬದುಕಿತ್ತು. ಅಂಥ ಮಗುವಿಗೆ ನಿಯಮದ ಪ್ರಕಾರ ಮೊದಲು ಹುಟ್ಟನ್ನು ಬರೆಯಬೇಕು, ಆಮೇಲೆ ಸಾವನ್ನು.

ಮಾವನ ಕೈ ಮೌಸಿನ ಕಡೆಗೆ ಹೋಯಿತು. ಈ ಸಲ ಕನ್ನಡಕ ಹುಡುಕಲಿಲ್ಲ. ಆಗ ಆ ತರುಣ ತನ್ನ ಕಡೆಯ ಪರದೆಯನ್ನೇ ನೋಡುತ್ತ, "ತೆಗೀಬೇಡಿ ಸಾರ್. ಒಂದ್ನಿಮಿಷ ಇರಲಿ" ಎಂದ. ಹಳದಿಯ ನಡುವೆ, ಬಾತುಮರಿಗಳ ಪಕ್ಕದಲ್ಲಿ ಮಗಳ ಹೆಸರು. ಬಹುಶಃ ಆ ಹೆಸರನ್ನು ಅವನು ಬರವಣಿಗೆಯಲ್ಲಿ ನೋಡಿದ್ದು ಅದೇ ಮೊದಲು. ಮಾವನನ್ನು ಬಿಟ್ಟರೆ ಪಕ್ಕದ ಕುರ್ಚಿಯ ನನಗೆ ಮಾತ್ರ ಕೇಳಿಸಿದ ಮಾತು ಅದು.

ನೊಂದವನು ದೂರು ಬರೆಯಲಿಲ್ಲ. ಸಾಲಿನಲ್ಲಿ ಹಿಂದೆ ನಿಂತು ನೋಡಿದವನು ಬರೆದ, ಮೂರು ಪುಟ. ಮೇಲಿನ ಕಚೇರಿಗೆ ಇಷ್ಟೇ ಸಾಕಾಯಿತು. ಇನ್ನು ಮೇಲೆ ಎಲ್ಲ ಪರದೆಗಳಿಗೂ ಒಂದೇ ಥೀಮ್: ಬೂದು ಬಣ್ಣ, ಇಲಾಖೆಯ ಲಾಂಛನ, ಅದರಡಿ ಹಲ್ಲು ತೋರಿಸುವ ಕುಟುಂಬವೊಂದರ ಚಿತ್ರ, ಮತ್ತು 'ನಗುಮೊಗದ ಸೇವೆ' ಎಂಬ ಘೋಷಣೆ. ಅದನ್ನು ಬದಲಿಸದಂತೆ ಬೀಗ ಹಾಕಲು ಕಂಪ್ಯೂಟರ್ ವಿಭಾಗದಿಂದ ಒಬ್ಬ ಹುಡುಗಿ ಬಂದಳು. ಒಳ್ಳೆಯವಳು. ಮಾವನ ಕಡತ ಓದಿಕೊಂಡೇ ಬಂದಿದ್ದಳು.

"ಅಂಕಲ್, ನಿಮ್ಗೆ ಕಣ್ಣಿನ ಆಪರೇಷನ್ ಆಗಿದೆಯಲ್ವಾ? ಡಾಕ್ಟರ್ ಹತ್ರ ಒಂದು ಚೀಟಿ ತನ್ನಿ. ದೃಷ್ಟಿದೋಷ ಇರೋರಿಗೆ ವಿನಾಯಿತಿ ಇದೆ, ನಿಮ್ದೊಂದಕ್ಕೆ ಬೀಗ ಹಾಕಲ್ಲ."

"ಇರಲಿ ಮಗಳೇ. ಆದ್ರೆ ಆ ಕೊಳ ನನ್ನ ಕಣ್ಣಿಗೆ ಅಂತ ಇಟ್ಟಿದ್ದಲ್ಲ. ಆಚೆ ಕೂತೋರ ಕಣ್ಣಿಗೆ. ಅವ್ರೆಲ್ಲಾ ಚೀಟಿ ತರೋಕಾಗತ್ತಾ?"

ಬೀಗ ಬಿತ್ತು. ಮರುದಿನ ಮಾವ ಎಂದಿನಂತೆ ಓರೆಯಾಗಿ ಬಂದು ಕೂತರು, ಹಲ್ಲು ತೋರಿಸುವ ಕುಟುಂಬವನ್ನು ದಿಟ್ಟಿಸಿದರು. ಥೀಮ್ ಬದಲಿಸಬಾರದು ಸರಿ. ಚಿತ್ರ ತೆರೆಯಬಾರದು ಎಂದು ಆದೇಶದಲ್ಲಿ ಎಲ್ಲಿದೆ? ಆಸ್ಪತ್ರೆಯ ಚೀಟಿಗಳೆಲ್ಲ ಸ್ಕ್ಯಾನಾಗಿ ಚಿತ್ರಗಳಾಗಿಯೇ ಬರುವುದರಿಂದ ಅದಕ್ಕೆ ಬೀಗ ಹಾಕುವಂತೆಯೂ ಇಲ್ಲ. ಕೊಳದ ಚಿತ್ರವನ್ನು ಪರದೆ ತುಂಬ ತೆರೆದು, ಅದರ ಮೇಲೆ ಪ್ರಮಾಣಪತ್ರದ ಕಿಟಕಿಯನ್ನು ಚಿಕ್ಕದಾಗಿ ಕೂರಿಸಿದರು. ಕುಟುಂಬ ಮುಳುಗಿಹೋಯಿತು. ಗಂಟೆಯನ್ನು ಮಾತ್ರ ಅವರೇ ಶಾಶ್ವತವಾಗಿ ಕಿತ್ತುಹಾಕಿದ್ದರು. ಆ ಸೋಮವಾರದ ನಂತರ, ಮೇಲಿನ ಹಾಳೆ ಎತ್ತಿ ಕೆಳಗಿನದನ್ನು ಓದದೆ ಮೌಸ್ ಮುಟ್ಟಿದವರೂ ಅಲ್ಲ.

ತಿಂಗಳೊಳಗೆ ಮೇಲಧಿಕಾರಿ ಕರೆಸಿದರು. ಸಾಕ್ಷಿಗೆಂದು ನನ್ನನ್ನೂ. ಮೇಜಿನ ಮೇಲೆ ಟೈಪಾದ ಮುಚ್ಚಳಿಕೆ: 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ.' ಸಹಿ ಹಾಕಿದರೆ ಕೌಂಟರು, ಇಲ್ಲದಿದ್ದರೆ ನೆಲಮಾಳಿಗೆಯ ಹಳೆ ರಿಜಿಸ್ಟರುಗಳ ಕೊಠಡಿ. ಕೌಂಟರು ಹೋದರೆ ಮಾವನಿಗೆ ಇನ್ನೇನು ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ಒಂದು ಚಿತ್ರಕ್ಕೋಸ್ಕರ ಇಷ್ಟೊಂದು ಹಟಾನಾ?" ಎಂದರು ಮೇಲಧಿಕಾರಿ. "ಆ ಹುಡುಗನಿಗೆ ಎಷ್ಟು ನೋವಾಗಿರ್ಬೇಕು, ಯೋಚನೆ ಮಾಡಿದೀರಾ?"

"ಮಾಡಿದೀನಿ ಸಾರ್. ತಪ್ಪು ಮಾಡಿದ್ದು ನಾನು. ಬಣ್ಣ ಏನು ತಪ್ಪು ಮಾಡ್ತು?"

ನನಗೆ ತಡೆಯಲಾಗಲಿಲ್ಲ. "ಸಾರ್, ಆ ಹುಡುಗನೇ ಅವತ್ತು..." ಎಂದು ಬಾಯಿ ತೆರೆದೆ. ಮಾವ ಬೆರಳೆತ್ತಿದರು, ಬೆಳಗಿನ ಅದೇ ಬೆರಳು.

"ಸುಮ್ನಿರಿ. ಅದು ಅವನ ಮಾತು. ನನ್ನ ಕುರ್ಚಿ ಉಳ್ಸಿಕೊಳ್ಳೋಕೆ ಅವನ ಮಗಳನ್ನ ತರ್ಬೇಡಿ."

ಆಮೇಲೆ ಕೋಟಿನ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳಿಕೆಯ ಕೆಳಗೆ, ಇಪ್ಪತ್ತು ವರ್ಷ ಸಾವಿರಾರು ಹೆಸರುಗಳನ್ನು ತಿದ್ದಿದ ದುಂಡಗಿನ ಅಕ್ಷರದಲ್ಲಿ 'ಇರಲಿ. ಆದರೆ ಮಾಡುತ್ತೇನೆ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಒತ್ತಕ್ಷರ, ಅಂಕಿ ಎಲ್ಲ ಸರಿಯಿವೆಯೇ ಎಂದು ಇನ್ನೊಮ್ಮೆ ಓದಿ ನೋಡಿಕೊಂಡರು.

ಈಗ ಅವರು ನೆಲಮಾಳಿಗೆಯಲ್ಲಿದ್ದಾರೆ. ಅಲ್ಲಿಯ ಕಂಪ್ಯೂಟರಿಗೆ ಒಂದೇ ಪರದೆ. ಎದುರಿಗೆ ಕೂರುವವರಿಲ್ಲ, ಆ ಹಳೆಯ ಯಂತ್ರಕ್ಕೆ ಬೀಗ ಹಾಕಲು ಯಾರಿಗೂ ನೆನಪೂ ಆಗಿಲ್ಲ. ಇಳಿದು ಹೋಗಿ ನೋಡಿದರೆ, ಹುಟ್ಟಿನ ರಿಜಿಸ್ಟರು ಬಿಚ್ಚಿದಾಗ ಬಾತುಮರಿ, ಸಾವಿನ ರಿಜಿಸ್ಟರು ಬಿಚ್ಚಿದಾಗ ಕೊಳ. "ಇಲ್ಲಿ ಯಾರಿಗೆ ತೋರಿಸ್ತೀರಿ ಮಾವ?" ಎಂದೆ. "ಅಭ್ಯಾಸ ತಪ್ಪಬಾರದಲ್ವೇನ್ರೀ" ಎಂದವರು, ಥಟ್ಟನೆ ನನ್ನನ್ನು ಹಿಡಿದು ಕೂರಿಸಿ, ಬಾಣದ ಗಾತ್ರದ ಬಗ್ಗೆ ಮುಕ್ಕಾಲು ಗಂಟೆ ಕೊರೆದರು. ಹುತಾತ್ಮರಾದ ಲಕ್ಷಣ ಲವಲೇಶವೂ ಇರಲಿಲ್ಲ.

ಅವರ ಕೌಂಟರನ್ನು ನನಗೇ ಹೆಚ್ಚುವರಿಯಾಗಿ ವಹಿಸಿದ್ದಾರೆ. ಮೊದಲ ವಾರವೇ ಒಬ್ಬಾಕೆ ಗಂಡನ ಕಾಗದ ಹಿಡಿದು ಬಂದು ಕೂತಳು. ಅವಳ ಕಡೆಯ ಪರದೆಯಲ್ಲಿ ಆ ಕುಟುಂಬ ಹಲ್ಲು ತೋರಿಸುತ್ತಿತ್ತು: ಗಂಡ, ಹೆಂಡತಿ, ಎರಡು ಮಕ್ಕಳು. ನಾನು ಆದೇಶಗಳನ್ನು ಪಾಲಿಸುವ ಮನುಷ್ಯ. ಬಡ್ತಿಯ ಪಟ್ಟಿಯಲ್ಲಿ ಮೂರನೆಯವನು. ಆಕೆ ತಲೆಯೆತ್ತುವ ಮೊದಲು ನನ್ನ ಕೈಗಳು ಮೇಜನ್ನು ತಡವತೊಡಗಿದ್ದವು. "ಒಂದ್ನಿಮಿಷ ಅಮ್ಮ, ನನ್ನ ಕನ್ನಡಕ ಎಲ್ಲಿಟ್ಟೆ..." ಎಂದೆ.

ನನಗೆ ಕನ್ನಡಕವಿಲ್ಲ. ಮಾವ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಕೊಳದ ಚಿತ್ರ ಇದ್ದಲ್ಲೇ ಇತ್ತು.

ಮಾವನಂಥವರ ಜಾತಿಯೇ ಹಾಗೆ. ಹೊಗಳಿದರೆ ಉಬ್ಬುತ್ತಾರೆ, ಹೊಗಳದಿದ್ದರೆ ತಾವೇ ಹೊಗಳಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತವರಿಗೆ ಪ್ರಾಣಸಂಕಟ. ಲೋಕವನ್ನು ತಿದ್ದುವ ಹಂಬಲ ಅವರಿಗಿಲ್ಲ. ತಮ್ಮ ಸುಪರ್ದಿಗೆ ಬಂದ ಒಂದೂವರೆ ಅಡಿ ಗಾಜಿಗೆ ತಾವೇ ಧಣಿ ಎಂದು ತಿಳಿದಿರುತ್ತಾರೆ, ಅಷ್ಟರಲ್ಲಿ ಯಾವ ಲಾಂಛನಕ್ಕೂ ಜಾಗ ಬಿಡುವುದಿಲ್ಲ. ಅವರನ್ನು ಮೇಲಿನಿಂದ ಕೆಳಕ್ಕೆ ಇಳಿಸಬಹುದು, ಅದು ಒಂದು ಆದೇಶದ ಕೆಲಸ. ಅವರು ಬಿಟ್ಟುಹೋದ ಕುರ್ಚಿಯಲ್ಲಿ ಕೂತವನ ಕೈ ಮೇಜನ್ನು ತಡವದಂತೆ ಮಾಡುವ ಆದೇಶವನ್ನು ಮಾತ್ರ ಯಾವ ಕಚೇರಿಯೂ ಇದುವರೆಗೆ ಹೊರಡಿಸಿಲ್ಲ, ಹೊರಡಿಸಿದರೂ, ಇರಲಿ.