ಷಟರಿನಾಚೆಯ ಹೂಂ

ಅರ್ಧ ಎತ್ತಿದ ಷಟರಿನ ಕೆಳಗೆ ಒಂದು ಪಟ್ಟಿ ಬಿಸಿಲು, ಆ ಬಿಸಿಲಲ್ಲಿ ಅಜ್ಜಿಯ ಎರಡು ಪಾದ. ನಮ್ಮ 'ಗ್ರೀಸ್ ಡಬ್ಬಿ' ಬ್ಯಾಂಡಿನ ಮೊದಲ ಆಲ್ಬಮ್ಮನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಇಷ್ಟೇ.

ಗ್ಯಾರೇಜು ಸನತನ ತಂದೆಯದು. ಭಾನುವಾರ ಜೀಪುಗಳನ್ನು ಹೊರಗೆ ತಳ್ಳಿದರೆ ಒಳಗೆಲ್ಲ ನಮ್ಮದೇ ರಾಜ್ಯ. ಸನತನದು ಗಿಟಾರು, ನಫೀಸಾಳದು ಡ್ರಮ್ಸು, ಹಾಡು ನನ್ನದು. ಮೊಮ್ಮಗಳಾದ ನನ್ನೊಬ್ಬಳನ್ನೇ ಕಳಿಸಲೊಪ್ಪದ ಅಜ್ಜಿ ಕಾವಲಿಗೆಂದು ಬರುತ್ತಿದ್ದಳು. ಒಳಗೆ ಕೂತರೆ ಕಿವಿ ತೂತಾಗುತ್ತದೆಂದು ಹೊರಗೆ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಕೂರುತ್ತಿದ್ದಳು.

ನನ್ನ ಹಾಡುಗಳೆಲ್ಲ ಅವಳು ಹೇಳಿದ ಕತೆಗಳೇ. ಕತೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸಬೇಕು. ನಮ್ಮ ಮನೆಯ ಕಟ್ಟಳೆ ಅದು. ಹಾಗಾಗಿ 'ಕೀಲಿಕೈ ನುಂಗಿದಳು ರಾಜಕುಮಾರಿ' ಎಂದು ನಾನು ಕಿರುಚಿ ಉಸಿರೆಳೆದುಕೊಂಡಾಗ, ಷಟರಿನಾಚೆಯಿಂದ ಅವಳು ತನಗೇ ಅರಿವಿಲ್ಲದೆ "ಹೂಂ" ಅನ್ನುತ್ತಿದ್ದಳು. ಆಮೇಲೇನಾಯಿತು ಎಂದು ಕೇಳುವ ಹೂಂ. ಅದು ಕಿವಿಗೆ ಬಿದ್ದರೆ ಮಾತ್ರ ಮುಂದಿನ ಸಾಲು ನನ್ನ ಗಂಟಲಿಂದ ಹೊರಡುತ್ತಿತ್ತು.

ಸೆಕೆಗೆ ಷಟರು ಮುಚ್ಚದೆಯೇ ರೆಕಾರ್ಡು ಮಾಡಿದ್ದರಿಂದ ಆ ಹೂಂ ಆಲ್ಬಮ್ಮಿನೊಳಕ್ಕೂ ಬಂತು. ವಿಮರ್ಶಕರೊಬ್ಬರು ಪತ್ರಿಕೆಯಲ್ಲಿ ಬರೆದರು: "ಗಿಟಾರಿನ ಒರಟುತನ ಎಲ್ಲಾದರೂ ಸಿಕ್ಕೀತು. ಆದರೆ ಸಾಲುಗಳ ನಡುವಿನ ಆ ಮುದಿ ಹೂಂಕಾರ? ಈ ಆಲ್ಬಮ್ಮಿನ ಜೀವ ಇರುವುದೇ ಅಲ್ಲಿ." ಉಳಿದವರೂ ಅದನ್ನೇ ಹಿಡಿದರು. ಒಬ್ಬರಿಗೆ ಅದು ಪ್ರತಿಭಟನೆಯಾಗಿ ಕೇಳಿಸಿತು, ಇನ್ನೊಬ್ಬರಿಗೆ ಸಾವಿನ ದನಿಯಾಗಿ. ಊರೂರಿನಿಂದ ನಮಗೆ ಕರೆ ಬರತೊಡಗಿತು.

ಓದಿ ಹೇಳಿದಾಗ ಅಜ್ಜಿ ನಕ್ಕಳು. "ಸಾವು ಯಾಕೆ ಬಂತೇ ಮಧ್ಯೆ? ಆ ಹುಡುಗಿ ಹೊಟ್ಟೇಲಿ ಕೀಲಿಕೈ ಇಟ್ಕೊಂಡು ಏನ್ಮಾಡ್ತಾಳೆ ಅಂತ ಕೇಳಿದ್ದಮ್ಮಾ ನಾನು."

ಎರಡನೆಯ ಆಲ್ಬಮ್ಮಿಗೆ ದೊಡ್ಡ ಸ್ಟುಡಿಯೋ ಸಿಕ್ಕಿತು. ಅಜ್ಜಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ನಫೀಸಾಳ ಡ್ರಮ್ಸನ್ನಷ್ಟೇ ಕೇಳಿಸಿದರು; ಹೂಂ ತಾಳಕ್ಕೆ ಸರಿಯಾಗಿ ಬೀಳಲಿ ಎಂದು. ಕೆಂಪು ದೀಪ ಹತ್ತಿತು. ಅಜ್ಜಿ ಆ ದೀಪವನ್ನೇ ನೋಡುತ್ತ ಕೂತಳು.

"ಅನ್ನಿ ಅಮ್ಮಾ, ಹೂಂ ಅನ್ನಿ," ಎಂದರು ರೆಕಾರ್ಡಿಂಗಿನವರು.

"ಯಾವುದಕ್ಕೆ ಅನ್ನಲಪ್ಪ? ನೀವಿನ್ನೂ ಏನೂ ಹೇಳೇ ಇಲ್ವಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಹಳೆಯ ಹೂಂಗಳನ್ನೇ ಕತ್ತರಿಸಿ ಹೊಸ ಹಾಡುಗಳಿಗೆ ಅಂಟಿಸಿದರು. ಕಾರ್ಯಕ್ರಮಗಳಲ್ಲಿ ಜನ, ಸಾಲು ಮುಗಿಯುವ ಮೊದಲೇ, "ಹೂಂ" ಎಂದು ಒಟ್ಟಾಗಿ ಅಬ್ಬರಿಸುತ್ತಿದ್ದರು. ಒಮ್ಮೆ ಮುಂದೆಯೇ ಕೂತಿದ್ದ ಅಜ್ಜಿ ಬೆಚ್ಚಿ ಹಿಂತಿರುಗಿ ನೋಡಿದಳು. ಮನೆಗೆ ಬರುವಾಗ ಕೇಳಿದಳು, "ಅಷ್ಟೊಂದು ಆತುರ ಯಾಕೇ ಅವರಿಗೆಲ್ಲ? ಕತೇಲಿ ಆ ಹುಡುಗಿ ಇನ್ನೂ ಬಾಗಿಲಿಗೇ ಬಂದಿರಲಿಲ್ಲ."

ಮರುವಾರ ಗ್ಯಾರೇಜಿನಲ್ಲಿ ಹೊಸ ಹಾಡು ಎತ್ತಿಕೊಂಡೆ. ಬಿಸಿಲಿನ ಪಟ್ಟಿಯಲ್ಲಿ ಪಾದಗಳಿದ್ದವು. ಮೊದಲ ಸಾಲು ಹಾಡಿ ನಿಂತೆ. ಆಚೆಯಿಂದ ಸದ್ದಿಲ್ಲ.

"ಅಜ್ಜೀ, ಹೂಂ ಅನ್ನೇ."

"ಅಷ್ಟು ಜನ ಅಂತಾರಲ್ಲ ಮಗಾ, ಮಧ್ಯೆ ನನ್ನದೊಂದು ಯಾಕೆ? ನೀ ಹೇಳ್ಕೊಂಡು ಹೋಗು."

ನನಗೆ ಮುಂದಿನ ಸಾಲು ಹೊರಡಲಿಲ್ಲ. ಸನತ್ ಸ್ವಲ್ಪ ಹೊತ್ತು ಅದೇ ಸ್ವರವನ್ನು ಮೀಟುತ್ತಿದ್ದು, ಆಮೇಲೆ ತಂತಿಯ ಮೇಲೆ ಅಂಗೈ ಇಟ್ಟ. ಷಟರಿನ ಕೆಳಗಿನ ಬಿಸಿಲು ಮೆಲ್ಲಗೆ ಸರಿದುಹೋಯಿತು. ಪಾದಗಳು ಮಾತ್ರ ನೆರಳಲ್ಲಿ, ಅಲ್ಲೇ, ಅಲುಗದೆ ಇದ್ದವು.