ಎರಡು ಬೆರಳು ಗಿಡ್ಡ

ಪರದೆಯ ನಡುವೆ ಕೆಂಪು ಡಬ್ಬಿಯೊಂದು ಟಪ್ಪೆಂದು ಬಂದು ನಿಂತಿತು. 'ಈ ಮೇಲ್ ಜೊತೆ ಬಂದ ಕಡತದಲ್ಲಿ ವೈರಸ್ ಇದೆ. ಅದನ್ನು ಬೇರೆ ಕಡೆ ಇಡಲಾಗಿದೆ.'

"ನನ್ನ ಕಾಗದ ಬೇರೆ ಕಡೆ ಇಡೋಕೆ ಇವನ್ಯಾರು?" ಎಂದ ಯಜಮಾನ.

ಕುರ್ಚಿ ಮಾಡುವ ಈ ಶೆಡ್ಡಿನಲ್ಲಿ ಅವನನ್ನು ಎದುರಿಗೆ ಯಜಮಾನ್ರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಪಟಾಕಿ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಅದಕ್ಕೂ ಸಿಟ್ಟಿತ್ತು.

"ಕೆಂಪು ಡಬ್ಬಿ ಬಂದ್ರೆ ಮುಟ್ಟಬೇಡಿ ಅಂತ ಅಕ್ಕ ಹೇಳಿ ಹೋಗಿದಾರೆ," ಎಂದ ಬಾಗಿಲಲ್ಲಿ ಕೂತು ಕುರ್ಚಿಯ ಕೈ ಉಜ್ಜುತ್ತಿದ್ದ ಪಾಲಿಶಿನವನು.

"ನೀನು ಮರ ಉಜ್ಜು. ಗಂಡ ಹೆಂಡತಿ ನಡುವೆ ನಿನ್ನ ಪಾಲಿಶ್ ಪೇಪರ್ ತರಬೇಡ."

ಅಕ್ಕ ಎಂದರೆ ಯಜಮಾನನ ಹೆಂಡತಿ. ಕಂಪ್ಯೂಟರು, ಗಿರಾಕಿ, ಲೆಕ್ಕ ಎಲ್ಲ ಅವಳದೇ. ದವಡೆ ಹಲ್ಲು ಕೀಳಿಸಲು ಬೆಳಿಗ್ಗೆ ಹೋದವಳು ಇನ್ನೂ ಬಂದಿರಲಿಲ್ಲ. ಮೇಲ್ ಕಳಿಸಿದವರು ಗ್ರಂಥಾಲಯದ ಮೇಡಂ. ಮಕ್ಕಳ ವಿಭಾಗಕ್ಕೆ ಕುರ್ಚಿ ಹೇಳಿದವರು. ಮೂರು ಸಲ ನಕ್ಷೆ ಬದಲಿಸಿದವರು. ಈಗ ನಾಲ್ಕನೆಯದು ಬಂದಿದೆ, ಅದನ್ನು ಯಾವುದೋ ಆಂಟಿವೈರಸ್ ನುಂಗಿ ಕೂತಿದೆ. ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಆದರೂ ಮರಳಿ ತನ್ನಿ' ಎಂದು ಬರೆದಿತ್ತು. ಯಜಮಾನ ಒತ್ತಿದ. 'ಖಂಡಿತವೇ?' ಎಂದಿತು. "ನಿನ್ನ ಅಪ್ಪನ ಮನೆ ಗಂಟೇನು?" ಎಂದು ಮತ್ತೆ ಒತ್ತಿದ.

ನಕ್ಷೆ ತೆರೆದುಕೊಂಡಿತು. ಚೆನ್ನಾಗೇ ಇತ್ತು. ಒಂದು ಗೆರೆಯೂ ಅಳಿಸಿರಲಿಲ್ಲ.

"ನೋಡು. ಎಲ್ಲಿದೆ ವೈರಸ್ಸು? ಸುಮ್ಮನೆ ಹೆದರಿಸೋದು," ಎಂದು ನಕ್ಕವನು ನಕ್ಷೆ ಓದಿ ನಗು ನಿಲ್ಲಿಸಿದ. ಕುರ್ಚಿಯ ಕಾಲು ಎರಡು ಬೆರಳು ಗಿಡ್ಡ ಆಗಬೇಕಂತೆ. ಹೋದ ಸಲ ಉದ್ದ ಮಾಡಿ ಎಂದವರು ಇವರೇ. ಕಾಲುಗಳೆಲ್ಲ ಕೊಯ್ದು ಕೂರಿಸಿ, ಅರ್ಧಕ್ಕೆ ಪಾಲಿಶೂ ಆಗಿತ್ತು.

ಸಿಟ್ಟು ಬಂದಾಗ ಏನು ಮಾಡಬೇಕೆಂದು ಆ ಶೆಡ್ಡಿನಲ್ಲಿ ಒಂದು ಕ್ರಮವಿತ್ತು. ಯಜಮಾನ ಗಿರಾಕಿಗೆ ಫೋನ್ ಮಾಡುವಂತಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಒಂದು ಕಡತದಲ್ಲಿ ಟೈಪ್ ಮಾಡಿಡಬೇಕು. ಹೆಂಡತಿ ಅದರೊಳಗಿನ ಬೈಗುಳವನ್ನೆಲ್ಲ ಅಕ್ಕಿಯ ಕಲ್ಲಿನಂತೆ ಆರಿಸಿ ತೆಗೆದು, ಉಳಿದದ್ದನ್ನು ಕಳಿಸುತ್ತಿದ್ದಳು. ಪುಟಗಟ್ಟಲೆ ಬರೆದದ್ದರಲ್ಲಿ ಕೆಲವು ಸಲ 'ಆಗಲಿ' ಎಂಬ ಒಂದೇ ಮಾತು ಉಳಿಯುತ್ತಿತ್ತು. ಹೀಗೇ ಆ ಅಂಗಡಿ ಇಷ್ಟು ವರ್ಷ ಬದುಕಿತ್ತು.

ಯಜಮಾನ ಎರಡೇ ಬೆರಳಲ್ಲಿ ಕುಟ್ಟಿದ. 'ಮೇಡಂ, ಮರ ರಬ್ಬರಲ್ಲ. ನಿಮಗೆ ಬೇಕಾದಾಗ ಉದ್ದ, ಬೇಡವಾದಾಗ ಗಿಡ್ಡ ಆಗುವುದಿಲ್ಲ. ಬೇಕಿದ್ದರೆ ನಿಮ್ಮ ಮಕ್ಕಳ ಕಾಲನ್ನೇ ಎಳೆದು ಉದ್ದ ಮಾಡಿಕೊಳ್ಳಿ. ಅಷ್ಟೊಂದು ಪುಸ್ತಕದ ನಡುವೆ ಕೂತೂ ಬುದ್ಧಿ ಬರದವರಿಗೆ ನನ್ನ ಕುರ್ಚಿ ಯಾಕೆ? ಚಾಪೆ ಹಾಸಿಕೊಳ್ಳಿ.' ಇನ್ನೂ ಬಹಳ ಇತ್ತು. ಬರೆದು ಮುಗಿಸಿ ಬಾಗಿಲ ಕಡೆ ನೋಡಿದ. ಹೆಂಡತಿ ಬಂದಿರಲಿಲ್ಲ. ಇವತ್ತೊಂದು ದಿನ ಕಲ್ಲಿನ ಸಮೇತವೇ ತಿನ್ನಲಿ ಎಂದುಕೊಂಡು, ಆ ಕಡತವನ್ನು ಮೇಲ್‌ಗೆ ಸೇರಿಸಿ ಗ್ರಂಥಾಲಯದ ವಿಳಾಸಕ್ಕೆ ಕಳಿಸಿಬಿಟ್ಟ.

"ಅಬ್ಬಾ," ಎಂದ. ಹೊಟ್ಟೆ ಹಗುರಾಗಿತ್ತು.

ನಕ್ಷೆ ಮುಚ್ಚಲು ಹೋದಾಗ ಕೈ ತಗಲಿ ಪುಟ ಕೆಳಗೆ ಸರಿಯಿತು. ಅಲ್ಲಿ ಇನ್ನೂ ನಾಲ್ಕು ಸಾಲು ಇದ್ದವು. 'ನೀವು ಕೊಟ್ಟ ಮಾದರಿ ಕುರ್ಚಿಯಲ್ಲಿ ಕೂರಲು ಮಕ್ಕಳು ಜಗಳ ಆಡುತ್ತಿದ್ದಾರೆ. ಆದರೆ ಚಿಕ್ಕವರ ಕಾಲು ನೆಲಕ್ಕೆ ಎಟುಕುವುದಿಲ್ಲ, ಓದುತ್ತಾ ಓದುತ್ತಾ ಜೋಮು ಹಿಡಿಯುತ್ತದೆ. ಉದ್ದ ಹೇಳಿದ ತಪ್ಪು ನನ್ನದೇ. ಆಗದಿದ್ದರೆ ಹೇಳಿ, ಇದ್ದಂತೆಯೇ ತೆಗೆದುಕೊಳ್ಳುತ್ತೇನೆ.'

ಯಜಮಾನ ಅದನ್ನು ಎರಡು ಸಲ ಓದಿದ.

"ಕಳಿಸಿದ್ದನ್ನ ವಾಪಸ್ ತರೋಕೆ ಬಟನ್ ಇದೆಯೇನೋ?" ಎಂದ.

"ನನಗೇನು ಗೊತ್ತು? ಏನು ಕಳಿಸಿದ್ರಿ?"

"ನನ್ನ ತಲೆ."

ಮೇಡಂ ಬೇಡವೆಂದರೆ ಮಕ್ಕಳ ಅಳತೆಯ ಈ ಕುರ್ಚಿಗಳನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಗೋಡೆಯುದ್ದಕ್ಕೂ ಅವು ಸಾಲಾಗಿ ನಿಂತಿದ್ದವು. ಮುಂದಿನ ಕೆಲಸಕ್ಕೆ ಮರ ತರುವುದು ಹೇಗೆ, ಪಾಲಿಶಿನವನಿಗೆ ನಾಳೆಯಿಂದ ಏನು ಹೇಳುವುದು?

ಅಷ್ಟರಲ್ಲಿ ಹೆಂಡತಿ ಬಂದಳು. ಒಂದು ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ ಇತ್ತು. ಮಾತಾಡುವಂತಿಲ್ಲ ಎಂದು ಕೈಸನ್ನೆ ಮಾಡಿದವಳು ಗಂಡನ ಮುಖ ನೋಡಿದಳು, ಪರದೆ ನೋಡಿದಳು, ಕಳಿಸಿದ ಮೇಲ್ ತೆರೆದು ಓದಿದಳು. ಓದಿ ಹಣೆ ಚಚ್ಚಿಕೊಂಡಳು.

"ನೀನು ಬೈದುಬಿಡೇ. ಹೀಗೆ ನೋಡಬೇಡ."

"ಹ್ಞೂಂ," ಎಂದಳು ಅವಳು ಹತ್ತಿಯ ಸಂದಿಯಿಂದ. ಎಲ್ಲ ಅದರಲ್ಲೇ ಇತ್ತು.

ಫೋನ್ ಬಡಿದುಕೊಂಡಿತು. ಗ್ರಂಥಾಲಯದ ಮೇಡಂ. ಹೆಂಡತಿ ಎತ್ತಿ ಸ್ಪೀಕರ್ ಹಾಕಿ, ಗಂಡನ ಮುಂದೆ ಹಿಡಿದಳು.

"ನಿಮ್ಮ ಮೇಲ್ ಬಂತು," ಎಂದರು ಮೇಡಂ.

"ಬಂತಾ," ಎಂದ ಯಜಮಾನ.

"ಬಂತು, ಆದರೆ ಖಾಲಿ. ಜೊತೆಗಿದ್ದ ಕಡತದಲ್ಲಿ ವೈರಸ್ ಇದೆ ಅಂತ ಇಲ್ಲಿಯ ಆಂಟಿವೈರಸ್ ಬಾಗಿಲಲ್ಲೇ ಹಿಡಿದುಹಾಕಿದೆ. ನೀವೇ ಮನ್ನಿಸಬೇಕು. ನಕ್ಷೆ ನಮ್ಮ ಮನೆ ಕಂಪ್ಯೂಟರಿನಿಂದ ಕಳಿಸಿದ್ದೆ. ರೋಗ ಅದರದ್ದೇ. ನಿಮ್ಮಲ್ಲಿ ನಕ್ಷೆ ತೆರೆದಾಗ ನಿಮ್ಮ ಕಾಗದಕ್ಕೂ ಅಂಟಿದೆ."

ಹೆಂಡತಿ ಗಂಡನನ್ನು ನೋಡಿದಳು. ಗಂಡ ಕುರ್ಚಿಗಳನ್ನು ನೋಡಿದ.

"ಏನು ಬರೆದಿದ್ರಿ ಯಜಮಾನ್ರೇ? ಉದ್ದವಾಗಿತ್ತು ಅನ್ಸುತ್ತೆ. ಅದು ಹಾಳಾಗಿಲ್ಲವಂತೆ, ಒಂದು ಕಡೆ ಕೂಡಿಹಾಕಿದೆಯಂತೆ. ನಮ್ಮ ಕಂಪ್ಯೂಟರ್ ಹುಡುಗಿಗೆ ಹೇಳಿದ್ರೆ ತೊಳೆದು ತೆಗೆದುಕೊಡ್ತಾಳೆ. ಹೇಳಲಾ?"

"ಬೇಡ ಮೇಡಂ. ಬೇಡ. ರೋಗದ್ದನ್ನ ಯಾಕೆ ಮುಟ್ತೀರಿ? ಸುಡಿಸಿಬಿಡಿ."

"ಮತ್ತೆ ಅದರಲ್ಲಿ ಏನಿತ್ತು?"

ಯಜಮಾನ ಹೆಂಡತಿಯ ಕಡೆ ನೋಡಿದ. ಹೆಂಡತಿ ಒಂದು ಬೆರಳೆತ್ತಿ ತೋರಿಸಿದಳು, ಒಂದೇ ಮಾತು ಎಂಬಂತೆ.

"ಆಗಲಿ ಅಂತ," ಎಂದ.

"ಅಷ್ಟೇನಾ?"

"ಸ್ವಲ್ಪ ಬಿಡಿಸಿ ಬರೆದಿದ್ದೆ."

ಮಧ್ಯಾಹ್ನದ ನಂತರ ಶೆಡ್ಡಿನ ತುಂಬ ಗರಗಸದ ಸದ್ದು. ಎರಡು ಬೆರಳಿನ ತುಂಡುಗಳು ಪಟಪಟನೆ ನೆಲಕ್ಕೆ ಬಿದ್ದವು. "ಪಾಲಿಶ್ ಮಾಡಿದ ಕಾಲು ಕೊಯ್ದ್ರಲ್ಲ," ಎಂದು ಪಾಲಿಶಿನವನು ಗೊಣಗಿದ. "ಬಾಯಿ ಮುಚ್ಚು, ಮಕ್ಕಳಿಗೆ ಜೋಮು ಹಿಡಿಯುತ್ತೆ," ಎಂದ ಯಜಮಾನ.

ಹೆಂಡತಿ ಅಷ್ಟೂ ಹೊತ್ತು ಕಂಪ್ಯೂಟರು ತೊಳೆಯುತ್ತಿದ್ದಳು. ಕೊನೆಗೆ ಕೆಂಪು ಡಬ್ಬಿ ಮತ್ತೆ ಬಂದು, ರೋಗ ತಗುಲಿದ ಒಂದು ಕಾಗದ ಇಲ್ಲೂ ಉಳಿದಿದೆ, ಅಳಿಸಲೇ ಎಂದು ಕೇಳಿತು. ಅವಳು ತಕ್ಷಣ ಒತ್ತಲಿಲ್ಲ. 'ಚಾಪೆ ಹಾಸಿಕೊಳ್ಳಿ' ಎಂಬುದು ನೆನಪಾಗಿ ಅವಳ ಭುಜ ಕುಲುಕತೊಡಗಿತು. ನಕ್ಕರೆ ನೋಯುತ್ತಿತ್ತು, ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಳು.

ಶೆಡ್ಡಿನ ನಡುವೆ ಯಜಮಾನ ಗಿಡ್ಡ ಮಾಡಿದ ಮೊದಲ ಕುರ್ಚಿಯಲ್ಲಿ ಕೂತು ಅಲುಗಿಸಿ ನೋಡುತ್ತಿದ್ದ. ಮಂಡಿಗಳು ಗದ್ದದ ಹತ್ತಿರ ಬಂದಿದ್ದವು. ಪಾದ ಎರಡೂ ನೆಲಕ್ಕೆ ಊರಿದ್ದವು.