ಬೋವಾ ಹಾವಿಗೊಂದು ಬೀರು

ವೆಂಡೆಲ್ ಸಾಕಿದ್ದ ಹೆಣ್ಣು ಬೋವಾ ಹಾವು ಡಚೆಸ್, ಗಾಜಿನ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದಿತ್ತು. ಭದ್ರವಾದ ಗೂಡು ಮಾಡದಿದ್ದರೆ ಹಾವು ಮನೆ ಬಿಡಬೇಕೆಂದು ಬಾಡಿಗೆಮನೆಯ ಒಡತಿ ಮಿಸೆಸ್ ಪ್ರೂಯಿಟ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅಂಗಡಿಯವನು ತೋರಿಸಿದ ಗೂಡಿಗೆ ವೆಂಡೆಲ್‌ನ ತಿಂಗಳ ಸಂಬಳವೂ ಸಾಲದು. ಹಾವು ಸಾಕುವುದೂ ಸಾಹುಕಾರರ ಸ್ವತ್ತೇ ಎಂದು ಅವನು ಕುದಿದುಹೋದ.

ಅವನಿದ್ದ ಅಮೆರಿಕದ ಟೊಲೆಡೊ ಊರಿನಲ್ಲಿ ಕಸದ ಗಾಡಿ ಬರುವ ಹಿಂದಿನ ಸಂಜೆ ಜನ ಬೇಡದ ಸಾಮಾನನ್ನೆಲ್ಲ ರಸ್ತೆಬದಿಗೆ ತಂದಿಡುತ್ತಾರೆ. ಅಲ್ಲಿ ಅವನಿಗೆ ಅಗಲವಾದ ಟಿವಿ ಬೀರುವೊಂದು ಪುಕ್ಕಟೆ ಸಿಕ್ಕಿತು. ಗಾಳಿಗೆ ತೂತು ಕೊರೆದು, ಒಳಗೆ ಬಿಸಿಯ ಏರ್ಪಾಡು ಮಾಡಿ, ಬಾಗಿಲಿಗೆ ದಪ್ಪ ಗಾಜು ಕೂರಿಸಿ, ಹೊರಗೆ ಚಿಲಕ ಜಡಿದ.

ನೋಡಲು ಬಂದ ಮಿಸೆಸ್ ಪ್ರೂಯಿಟ್ ಮೂಗು ಮುರಿದಳು.

"ಹಾವು ಮೂತಿಯಿಂದ ತಳ್ಳಿದ್ರೆ ಈ ಚಿಲಕ ನಿಲ್ಲುತ್ತಾ?"

"ನಾನೇ ತಳ್ಳಿದ್ರೂ ನಿಲ್ಲುತ್ತೆ!"

"ಹಾಗಾದ್ರೆ ಒಳಗೆ ಹೋಗು. ನೋಡೇಬಿಡೋಣ."

ವೆಂಡೆಲ್ ರೋಷದಲ್ಲಿ ಮೊಣಕಾಲು ಮಡಚಿ ಒಳಗೆ ತೂರಿಕೊಂಡ. ಅವಳು ಚಿಲಕ ಹಾಕಿದಳು. ಅವನು ಭುಜ ಕೊಟ್ಟು ನೂಕಿದ, ಒದ್ದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಅವಳು ಸೋಫಾದ ಮೇಲೆ ಆರಾಮಾಗಿ ಕೂತಳು.

"ಪರವಾಗಿಲ್ಲ ಕಣೋ, ಗಟ್ಟಿಯಾಗೇ ಇದೆ. ಅಂದ ಹಾಗೆ, ನಿನ್ನ ರಾಣಿ ಎಲ್ಲಿ?"

"ನಿಮ್ಮ ಪಕ್ಕದಲ್ಲೇ. ಆ ದಿಂಬಿನ ಕವರ್‌ನಲ್ಲಿ ಹಾಕಿ ಗಂಟು ಕಟ್ಟಿದೀನಿ. ಹಾವು ಸಾಗಿಸೋದೇ ಹಾಗೆ."

ದಿಂಬಿನ ಕವರ್ ನಿಧಾನವಾಗಿ ಮಗ್ಗುಲು ಬದಲಿಸಿತು. ಮಿಸೆಸ್ ಪ್ರೂಯಿಟ್ ಒಂದೇ ನೆಗೆತಕ್ಕೆ ಬೀರು ತಲುಪಿ ಚಿಲಕ ತೆಗೆದಳು.

"ಏಳೋ, ಹೊರಗೆ ಬಾರೋ! ಅವಳ ಮನೆ ಅವಳಿಗೆ ಬಿಟ್ಟುಕೊಡು!"